ಒಂದು ಕೋವಿಗೆ ಒಂದೇ ಅಚ್ಚು

ನಮ್ಮ ಕಟ್ಟೆಮಳಲವಾಡಿಯನ್ನು ಹೊರಗಿನವರು ಬಲ್ಲದ್ದು ಎರಡು ಕಾರಣಕ್ಕೆ. ಲಕ್ಷ್ಮಣತೀರ್ಥಕ್ಕೆ ಅಡ್ಡ ಕಟ್ಟಿದ ಅಣೆಕಟ್ಟೆ ಒಂದು, ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಇನ್ನೊಂದು. ಮೂರನೆಯದೂ ಒಂದಿದೆ ಎಂದು ನಮ್ಮ ತಾತ ಸಾಯುವವರೆಗೂ ನಂಬಿದ್ದರು. ಅದು ಅವರೇ ಎರೆಯುತ್ತಿದ್ದ ಗುಂಡು.

ಗುಂಡು ಎಂದೊಡನೆ ಯಾರೂ ಗ್ಲಾಸು ಹುಡುಕಬಾರದು. ಆ ಗುಂಡಿನ ಬಳಗ ನಮ್ಮೂರಲ್ಲಿ ಈಗಲೂ ಸಮೃದ್ಧವಾಗಿದೆ, ಅದರ ಬಗ್ಗೆ ಪ್ರಬಂಧ ಬರೆದು ಮರುಗುವ ಅಗತ್ಯವಿಲ್ಲ. ನಾನು ಹೇಳುತ್ತಿರುವುದು ಸೀಸದ ಗುಂಡು, ಕೋವಿಯದು.

ತಾತನದು ಕೇಪಿನ ಕೋವಿ. ಒಂಟಿ ನಳಿಗೆ. ಮದ್ದು, ನಾರು, ಗುಂಡು ಎಲ್ಲವನ್ನೂ ಬಾಯಿಂದಲೇ ತುಂಬಿ ಗಜದಲ್ಲಿ ಜಡಿಯಬೇಕು. ಅಷ್ಟರಲ್ಲಿ ಹಂದಿ ಜೋಳ ತಿಂದು, ಮೈ ಕೆರೆದುಕೊಂಡು, ಮನೆಗೆ ಹೋಗಿ ಮಲಗಿರುತ್ತಿತ್ತು. ಬೆಳೆ ರಕ್ಷಣೆಗೆಂದು ಲೈಸೆನ್ಸು ಕೊಟ್ಟಿದ್ದರು. ಬೆಳೆ ಎಂದರೆ ಮುಸುಕಿನ ಜೋಳ, ರಾಗಿ. ನಮ್ಮ ಮುಖ್ಯ ಬೆಳೆಯಾದ ಹೊಗೆಸೊಪ್ಪಿಗೆ ಕಾವಲೇ ಬೇಡ, ಹಂದಿ ಅದನ್ನು ಮೂಸುವುದೂ ಇಲ್ಲ. ಹಂದಿಗಿರುವ ಬುದ್ಧಿ ಸೊಪ್ಪು ಸೇದುವವರಿಗೆ ಯಾಕಿಲ್ಲವೋ.

ಈ ಕೋವಿಯ ನಳಿಗೆ ಎಲ್ಲಿಂದ ಬಂತೆಂದು ಕೇಳಿದರೆ ತಾತ ಅಮೃತಮಹಲ್ ದನಗಳ ಕತೆಗೆ ಇಳಿಯುತ್ತಿದ್ದರು. ಬ್ರಿಟಿಷರು ಆ ಎತ್ತುಗಳನ್ನು ಹುಣಸೂರಿನಲ್ಲಿ ಸಾಕಿ ಫಿರಂಗಿ ಎಳೆಸುತ್ತಿದ್ದುದು ನಿಜ. ಆ ಫಿರಂಗಿಗಳ ಬೆನ್ನಿಗೆ ಬಂದ ನಳಿಗೆ ನಮ್ಮದು ಎನ್ನುವುದು ತಾತನ ಸೇರ್ಪಡೆ. ನನಗೆ ಕಂಡಂತೆ ಅದು ಯಾವುದೋ ಕುಲುಮೆಯಲ್ಲಿ ಹುಟ್ಟಿದ ನಾಡ ಕೋವಿ. ಆದ್ದರಿಂದಲೇ ಅದರ ಬಾಯಿ ಯಾವ ಲೆಕ್ಕಕ್ಕೂ ಕೂರುತ್ತಿರಲಿಲ್ಲ.

ಕಾರ್ಖಾನೆಯ ಕೋವಿಗೆ ಲೆಕ್ಕವಿದೆ. ನಳಿಗೆಗೆ ಸರಿಯಾಗಿ ಕೂರುವ ಸೀಸದ ಗುಂಡು ಪೌಂಡಿಗೆ 12 ತೂಗಿದರೆ ಅದು 12 ಬೋರು. ಒಂದೊಂದು ಗುಂಡು ಸುಮಾರು 38 ಗ್ರಾಂ. ಸಂತೆಯಲ್ಲಿ ಕೆ.ಜಿ.ಗೆ ಎಷ್ಟು ನಿಂಬೆಹಣ್ಣು ನಿಲ್ಲುತ್ತವೆ ಎಂದು ಕೇಳುವ ಹಾಗೆ. ಕಾಲೇಜಿಗೆ ಹೋಗುತ್ತಿದ್ದ ಚಿಕ್ಕಪ್ಪ ಒಮ್ಮೆ ಅಂಗಡಿಯ ತಕ್ಕಡಿ ತಂದು ತಾತನ ಗುಂಡನ್ನು ತೂಗಿ, ಲೆಕ್ಕ ಹಾಕಿ, ನಮ್ಮದು ಇಪ್ಪತ್ತಮೂರೂವರೆ ಬೋರು ಎಂದು ಸಾರಿದ. ತಾತ ಹಿಗ್ಗಿದರು. ಲೋಕದಲ್ಲಿ ಇಂಥದ್ದು ಎರಡನೆಯದಿಲ್ಲ ಎಂದು ಅವರಿಗೆ ಅದುವರೆಗೆ ಬರೀ ಅನುಮಾನವಿತ್ತು.

ಅಂಗಡಿಯ ಗುಂಡು ಹೊಂದದ ಮೇಲೆ ತಾವೇ ಎರೆದುಕೊಳ್ಳಬೇಕು. ಅದಕ್ಕೊಂದು ಅಚ್ಚು, ಬಳಪದ ಕಲ್ಲಿನದು, ಎರಡು ಹೋಳು. ಹೋಳಿಗೆ ಅರ್ಧ ಗುಳಿ, ಮೇಲೊಂದು ಸಣ್ಣ ಕಂಡಿ. ಕೋವಿ ಕೈ ಬದಲಾದರೆ ಅಚ್ಚೂ ಜೊತೆಗೇ ಹೋಗಬೇಕು, ಕರುವಿನ ಹಿಂದೆ ಹಸು ಹೋದ ಹಾಗೆ. ಅಚ್ಚಿಲ್ಲದ ನಾಡ ಕೋವಿ ಬರೀ ಕೊಳವೆ.

ಗುಂಡು ಎರೆಯಲು ಕಾಲವೂ ಗೊತ್ತಾಗಿತ್ತು. ಹೊಗೆಸೊಪ್ಪು ಬೇಯಿಸುವ ದಿನಗಳು. ಬ್ಯಾರನ್ನು ಎಂಬ ಬೇಯಿಸುವ ಮನೆಗೆ ಸೊಪ್ಪು ಏರಿಸಿದರೆ ಐದಾರು ದಿನ ಹಗಲು ರಾತ್ರಿ ಬೆಂಕಿ ಕಾಯಬೇಕು. ಕಾವು ಏರಿದರೆ ಸೊಪ್ಪು ಕರಕಲು, ಇಳಿದರೆ ಹರಾಜಿನಲ್ಲಿ ಕೇಳುವವರಿಲ್ಲ. ನಿದ್ದೆ ಬಿಡಿಸುವ ನೆವ ಬೇಕಲ್ಲ, ಒಲೆಯ ಬಾಯಲ್ಲೇ ಸೀಸ ಕರಗುತ್ತಿತ್ತು. ಕುಲುಮೆಯ ಆಚಾರ್ರು ಇಕ್ಕಳ ಹಿಡಿದು ಬರುತ್ತಿದ್ದರು. ಹೊಳೆಯಲ್ಲಿ ಬಲೆ ಬೀಸುತ್ತಿದ್ದ ಒಬ್ಬರು ಹರಿದ ಬಲೆಯ ಸೀಸದ ಮಣಿ ತರುತ್ತಿದ್ದರು. ತಾತ ಸೇರಿ ಮೂರು ಜನ, ಇದೇ ಗುಂಡು ಎರೆಯುವವರ ಸಂಘದ ಪೂರ್ಣ ಸದಸ್ಯಬಲ. ಮೂವರಿಗೂ ಸೇರಿ ಕೋವಿ ಒಂದೇ.

ಸೀಸ ಕರಗುವುದು 327 ಡಿಗ್ರಿಗೆ ಎಂದು ನಾನು ಪುಸ್ತಕದಲ್ಲಿ ಓದಿ ಹೇಳಿದಾಗ ಆಚಾರ್ರು, "ಯಾರ್ಲಾ ಒಳಗೆ ಕೈ ಇಕ್ಕಿ ನೋಡ್ದೋನು?" ಎಂದು ಕೇಳಿದ್ದರು. ಅವರ ಅಳತೆ ಬೇವಿನ ಕಡ್ಡಿ. ಅದ್ದಿದ ಕಡ್ಡಿ ಕಂದಿದರೆ ಹದ, ಹೊಗೆಯಾಡಿದರೆ ಕಾವು ಜಾಸ್ತಿ. ತಣ್ಣಗಿನ ಅಚ್ಚಿಗೆ ಎರೆದ ಮೊದಲ ಗುಂಡು ಮುದುಡಿದ ಹುಣಸೆಬೀಜದ ಹಾಗೆ ಬರುತ್ತಿತ್ತು. ಅದನ್ನು ಮತ್ತೆ ಸೌಟಿಗೇ ಹಾಕಬೇಕು. ಆ ಸೌಟು ಅಜ್ಜಿಯ ಒಗ್ಗರಣೆ ಸೌಟು ಎಂದು ತಿಳಿದ ದಿನ ಮನೆಯಲ್ಲಿ ಆದ ಸದ್ದು ಆ ಕೋವಿಯಿಂದ ಎಂದೂ ಹೊರಟದ್ದಿಲ್ಲ. ಸೀಸ ವಿಷ ಎಂದು ಅಜ್ಜಿಗೆ ಯಾರೂ ಓದಿ ಹೇಳಿರಲಿಲ್ಲ, ಅವರ ಸಿಟ್ಟು ಮಾತ್ರ ಸರಿಯಾದ ಕಡೆಗೇ ಇತ್ತು.

ಅಚ್ಚಿನ ಗೋಜೇ ಬೇಡವೆಂದವನೂ ಒಬ್ಬನಿದ್ದ. ಬ್ರಿಸ್ಟಲ್ಲಿನ ವಿಲಿಯಂ ವಾಟ್ಸ್ ಎಂಬ ನಲ್ಲಿ ಕೆಲಸದವನು ಕರಗಿದ ಸೀಸವನ್ನು ಜರಡಿಯಲ್ಲಿ ಎತ್ತರದಿಂದ ಸುರಿದು, ಕೆಳಗೆ ನೀರಿನಲ್ಲಿ ಹಿಡಿದು, ದುಂಡನೆಯ ಚರೆ ಮಾಡುವ ಉಪಾಯ ಕಂಡ. 1782ರಲ್ಲಿ ಅದಕ್ಕೆ ಪೇಟೆಂಟೂ ಪಡೆದ. ಅಚ್ಚೇ ಬೇಡ, ಬೀಳುವಾಗ ಹನಿ ತಾನೇ ದುಂಡಗಾಗುತ್ತದೆ. ಈ ಸಂಗತಿ ಕೇಳಿದ ಆಚಾರ್ರು ಬಹಳ ಹೊತ್ತು ನಮ್ಮ ಬ್ಯಾರನ್ನಿನ ಎತ್ತರವನ್ನೇ ನೋಡುತ್ತ ಕೂತರು. ಒಳಗೆ ಸೊಪ್ಪು ಬೇಯುತ್ತಿತ್ತು, ಪುಣ್ಯಕ್ಕೆ.

ಗುಂಡನ್ನು ತಾವೇ ಮಾಡಿಕೊಳ್ಳುವ ಈ ಹುಚ್ಚು ನಮ್ಮೂರಿನದೇ ಎಂದುಕೊಂಡಿದ್ದೆ. ಅಲ್ಲ. ಅಮೆರಿಕದಲ್ಲಿ ವೈಲ್ಡ್‌ಕ್ಯಾಟ್ ಎಂಬ ತೋಟೆಗಳಿವೆಯಂತೆ, ಕಾಡುಬೆಕ್ಕು ಎಂದರ್ಥ. ಯಾವ ಕಾರ್ಖಾನೆಯೂ ಮಾಡದ, ಹವ್ಯಾಸಿಗಳೇ ಇದ್ದ ತೋಟೆಯ ಕತ್ತು ಹಿಸುಕಿ ಇನ್ನೂ ಸಣ್ಣ ಗುಂಡು ಕೂರುವಂತೆ ಮಾಡಿಕೊಂಡವು. ಇಂಚಿನ ನೂರರಲ್ಲಿ 22 ಪಾಲು, 17 ಪಾಲು, ಹಟ ಹಿಡಿದವರದು 14 ಪಾಲು. ಗುಂಡಿನ ತೂಕಕ್ಕೆ ಗ್ರೇನ್ ಎಂಬ ಅಳತೆ, ಮೂಲದಲ್ಲಿ ಬಾರ್ಲಿ ಕಾಳು. 22ರ ಸಾಮಾನ್ಯ ಗುಂಡು 40 ಗ್ರೇನ್, ನಮ್ಮ ಅಕ್ಕಸಾಲಿಯ ಲೆಕ್ಕದಲ್ಲಿ ಇಪ್ಪತ್ತೊಂದು ಗುಲಗಂಜಿ. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬವನು 1943ರಲ್ಲಿ, ಹಾರಿಸಿ ಬಿಸಾಡಿದ 22ರ ಹಿತ್ತಾಳೆ ಕೋಶಗಳನ್ನೇ ಒತ್ತಿ ಗುಂಡಿಗೆ ಅಂಗಿ ತೊಡಿಸುವ ಅಚ್ಚು ಮಾಡಿದ. ಯುದ್ಧದ ಕಾಲ, ಅಂಗಡಿಯಲ್ಲಿ ಗುಂಡಿಲ್ಲ. ರಾಕ್‌ಚಕ್ ಎಂಬ ಬಂಡೆಯ ಹೆಗ್ಗಣದಂಥ ಪ್ರಾಣಿಗೆ ಅವನ ಗುರಿ, ಅಚ್ಚಿಗೂ ಅದರ ಹೆಸರನ್ನೇ ಇಟ್ಟ. ಆರ್‌ಸಿಬಿಎಸ್ ಕಂಪನಿಯ ಹೆಸರಿನಲ್ಲಿ ಆ ಪ್ರಾಣಿ ಇವತ್ತಿಗೂ ಅಡಗಿ ಕೂತಿದೆ.

ಅಲ್ಲಿಯೂ ಎಲ್ಲ ಬೆಕ್ಕೂ ಕಾಡಿನಲ್ಲೇ ಉಳಿಯಲಿಲ್ಲ. ಹವ್ಯಾಸಿಗಳು ಕೂಡಿ ಬೆಳೆಸಿದ 22-250 ಎಂಬ ಕಾಡುಬೆಕ್ಕನ್ನು 1965ರಲ್ಲಿ ರೆಮಿಂಗ್ಟನ್ ಕಾರ್ಖಾನೆ ಸಾಕಿಕೊಂಡಿತು. ಡಬ್ಬಿಯಲ್ಲಿ ಸಿಗುವ ಗುಂಡನ್ನು ರಾತ್ರಿಯೆಲ್ಲ ಕೂತು ಒತ್ತುವವನಾರು? ಗುರಿ ಬರೀ ನೆವ, ಸುಖವೆಲ್ಲ ಒತ್ತುವುದರಲ್ಲಿ, ಎರೆಯುವುದರಲ್ಲಿ ಇತ್ತು ಎನ್ನುವುದು ಅಲ್ಲಿಯವರಿಗೂ ತಡವಾಗಿಯೇ ತಿಳಿದಿರಬೇಕು. ತಾತನಿಗೆ ಮೊದಲೇ ತಿಳಿದಿತ್ತು. ಅವರು ಕೋವಿ ಹಾರಿಸಿದ್ದೆಲ್ಲ ಆಕಾಶಕ್ಕೆ.

ನಮ್ಮ ಪಡುವಣ ಗಡಿ ದಾಟಿದರೆ ಕೊಡಗು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೇ ಲೈಸೆನ್ಸಿನ ವಿನಾಯಿತಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ, ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಒಮ್ಮೆ ತಾತನನ್ನು ಕರೆದುಕೊಂಡು ಹೋಗಿದ್ದೆ. 22ರ ರೈಫಲ್ಲುಗಳು ಟಪ್ ಟಪ್ ಎನ್ನುತ್ತಿದ್ದವು, ಕಾಯಿ ಸಿಡಿಯುತ್ತಿದ್ದವು, ಜನ ಕೂಗುತ್ತಿದ್ದರು. ತಾತ ನೆಲದಲ್ಲಿ ಬಿದ್ದಿದ್ದ ಖಾಲಿ ತೋಟೆಯೊಂದನ್ನು ಹೆಕ್ಕಿ, ಕಣ್ಣಿನ ಹತ್ತಿರ ಹಿಡಿದು, "ಎಲ್ಲಾ ಒಂದೇ ತರ ಅವಲ್ಲಪ್ಪ" ಎಂದು ಬೇಜಾರಿನಿಂದ ಕೆಳಗಿಟ್ಟರು.

ನಮ್ಮ ಕಡೆ ಕೋವಿಗೆ ಆಯುಧಪೂಜೆ ಒಂದು ಹಬ್ಬ, ಚುನಾವಣೆ ಇನ್ನೊಂದು. ಮತದಾನಕ್ಕೆ ಮುಂಚೆ ಲೈಸೆನ್ಸಿನ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಿತ್ತು. ತಾತ ಅದನ್ನು ಕಂಬಳಿಯಲ್ಲಿ ಸುತ್ತಿ, ಗಂಡನ ಮನೆಗೆ ಹೋಗುವ ಮಗಳನ್ನು ಬಸ್ಸಿಗೆ ಹತ್ತಿಸುವವರ ಹಾಗೆ ಹೊರಡುತ್ತಿದ್ದರು. ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಕೊನೆಕೊನೆಗೆ ಅದು ಮನೆಗಿಂತ ಠಾಣೆಯಲ್ಲೇ ಹೆಚ್ಚು ದಿನ ಇತ್ತೆಂದು ಅಜ್ಜಿಯ ಲೆಕ್ಕ.

ಸಂಘ ಮುರಿದದ್ದು ಕಾನೂನಿನಿಂದಲ್ಲ. ಮೊದಲು ಬಲೆಯವರು ಹೋದರು. ಆಚಾರ್ರ ಮಕ್ಕಳು ಮೈಸೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟರು, ಕುಲುಮೆಯ ತಿದಿಯಲ್ಲಿ ಹೆಗ್ಗಣ ಮರಿ ಹಾಕಿತು. ಕಾಡಂಚಿನಲ್ಲಿ ಆನೆ ತಡೆಯಲು ಈಗ ರೈಲು ಕಂಬಿಯ ಬೇಲಿ ಹಾಕಿದ್ದಾರೆ. ಅಷ್ಟು ಕಬ್ಬಿಣ ಕಂಡಿದ್ದರೆ ಆಚಾರ್ರು ಏನೇನು ಮಾಡುತ್ತಿದ್ದರೋ. ತಾತ ಒಬ್ಬರೇ ಒಂದೆರಡು ವರ್ಷ ಎರೆದರು. ಒಬ್ಬರೇ ಎರೆಯುವಾಗ ಗುಂಡು ಕೆಟ್ಟರೆ ಬೈಯಲು ಜನವಿಲ್ಲ.

ಅವರು ತೀರಿದ ಮೇಲೆ ಚಿಕ್ಕಪ್ಪ ಕೋವಿಯನ್ನು ಠಾಣೆಗೇ ಒಪ್ಪಿಸಿ ಬಂದ. ಅಚ್ಚನ್ನು ಯಾರೂ ಕೇಳಲಿಲ್ಲ, ಅದು ಅಟ್ಟದಲ್ಲೇ ಉಳಿಯಿತು. ಹೋದ ದಸರೆಗೆ ಅಟ್ಟ ಗುಡಿಸುವಾಗ ಚಿಕ್ಕಪ್ಪನ ಮಗಳ ಕೈಗೆ ಸಿಕ್ಕಿತು. ಬೆಂಗಳೂರಿನಲ್ಲಿ ಬೆಳೆದ ಹುಡುಗಿ. ಧೂಳು ಒರೆಸಿ, ಗುಳಿಯಲ್ಲಿ ಬೆರಳಾಡಿಸಿ, "ಅಜ್ಜಿ, ಇದೇನು, ಒಂದೇ ಪಡ್ಡು ಬೇಯಿಸೋ ಹೆಂಚಾ?" ಎಂದಳು.

ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತಲಿಲ್ಲ.

"ಹೂಂ ಕಣವ್ವ. ಅದ್ರಲ್ಲಿ ಬೆಂದದ್ದ ಇವತ್ತಿನಗಂಟ ಯಾರೂ ತಿಂದಿಲ್ಲ. ಹಂದಿ ಸೈತ ತಿನ್ನಲಿಲ್ಲ."