ಷಡ್ಡಕರ ಸೀರೀಸ್ ಬಲ್ಬು

ಭಾನುವಾರ ಬೆಳಿಗ್ಗೆ ಚಿತ್ರಾನ್ನದ ತಟ್ಟೆ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಮಹಡಿಯಿಂದ ದನಿ ಇಳಿಯುತ್ತದೆ: "ಒಂದ್ನಿಮಿಷ ಬಂದು ಹೋಗ್ತೀರಾ? ಬರೀ ಸ್ವಿಚ್ ಹಾಕೋದಷ್ಟೇ." ಆ 'ಬರೀ'ಯನ್ನು ನಂಬಿಕೊಂಡು ಮೂರು ವರ್ಷದಿಂದ ನಾನು ಮೆಟ್ಟಿಲು ಹತ್ತುತ್ತಿದ್ದೇನೆ. ಚಿತ್ರಾನ್ನ ಮೂರು ವರ್ಷದಿಂದ ಆರುತ್ತಿದೆ.

ದನಿ ನನ್ನ ಷಡ್ಡಕರದು. ಹನುಮಂತನಗರದಲ್ಲಿ ಮಾವನವರು ಕಟ್ಟಿಸಿದ ಮನೆಯ ಮಹಡಿಯಲ್ಲಿ ಅವರ ಸಂಸಾರ, ಕೆಳಗೆ ನಮ್ಮದು. ಅತ್ತೆಯವರು ನಮ್ಮ ಜೊತೆ. ಷಡ್ಡಕರು 36 ವರ್ಷ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ನಿವೃತ್ತಿಯ ಮರುದಿನ ಬೇರೆಯವರು ವಾಕಿಂಗ್ ಶೂ ಕೊಳ್ಳುತ್ತಾರೆ, ಇವರು ಸೋಲ್ಡರಿಂಗ್ ಐರನ್ ಕೊಂಡರು.

ಈ ಪಂಗಡದವರನ್ನು ನೀವೂ ಕಂಡಿರುತ್ತೀರಿ. ಶನಿವಾರ ಮಧ್ಯಾಹ್ನ ಎಸ್.ಪಿ. ರೋಡಿನ ಇಕ್ಕಟ್ಟು ಅಂಗಡಿಗಳ ಮುಂದೆ ಕನ್ನಡಕವನ್ನು ಹಣೆಗೇರಿಸಿಕೊಂಡು, ಸಾಸಿವೆ ಕಾಳಿನಷ್ಟು ಸಾಮಾನನ್ನು ಬೆಳಕಿಗೆ ಹಿಡಿದು ನಂಬರ್ ಓದುತ್ತಿರುತ್ತಾರೆ. ಕೈಯ ಚೀಟಿಯಲ್ಲಿ 'ಕೊತ್ತಂಬರಿ ಸೊಪ್ಪು ಒಂದು ಕಟ್ಟು' ಎಂಬುದರ ಕೆಳಗೆ 'ಐಆರ್‌ಎಫ್‌ಪಿ 460 - ನಾಲ್ಕು'. ಸೊಪ್ಪು ಮರೆತುಹೋಗಿರುತ್ತದೆ. ಯಾರ ಮನೆಯಲ್ಲಿ ಕಂಪ್ಯೂಟರ್ ಕೆಟ್ಟರೂ ಇವರಿಗೆ ಸುದ್ದಿ ಮುಟ್ಟುತ್ತದೆ. ಸಂತಾಪ ಸೂಚಿಸಿ ಅದರ ಎಸ್‌ಎಂಪಿಎಸ್ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಬರುತ್ತಾರೆ. ನೆಂಟರ ಮೊಬೈಲ್ ಚಾರ್ಜರನ್ನು ಅಂಗೈಯಲ್ಲಿ ತೂಗಿ, "ಒಳಗೆ ಏನೂ ಹಾಕಿಲ್ಲ, ಮೋಸ" ಎಂದುಬಿಡುತ್ತಾರೆ. ನೆಂಟರು ಆ ರಾತ್ರಿ ಫೋನ್ ಚಾರ್ಜಿಗೆ ಹಾಕದೆ ಮಲಗುತ್ತಾರೆ.

ಷಡ್ಡಕರ ಬಳಿ ಒಂದು ಆಂಪ್ಲಿಫೈಯರ್ ಇತ್ತು. ಚೆನ್ನಾಗಿಯೇ ಹಾಡುತ್ತಿತ್ತು. ಅದರೊಳಗೆ ನಾಲ್ಕು ಕೆಜಿ ತೂಗುವ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ರುಬ್ಬುವ ಗುಂಡಿನ ಹಾಗೆ ಕೂತಿತ್ತು. "ಇಷ್ಟು ಭಾರ ಯಾಕೆ ಬೇಕು?" ಎಂದು ಒಂದು ದಿನ ಅವರಿಗೆ ಅನ್ನಿಸಿತು. ಅನ್ನಿಸಬಾರದಿತ್ತು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ಆ ನಿಧಾನದ ನಡಿಗೆಗೆ ಅಷ್ಟು ದೊಡ್ಡ ಕಬ್ಬಿಣವೇ ಬೇಕು. ಅದನ್ನೇ ಮೊದಲು ಡಿಸಿ ಮಾಡಿ, ಸೆಕೆಂಡಿಗೆ 68,000 ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿದರೆ ಮೈಸೂರ್ ಪಾಕಿನ ತುಂಡಿನಷ್ಟು ಫೆರೈಟ್ ಸಾಕು. ಹಾಗಂತ ಅವರು ವಿವರಿಸಿದಾಗ ನನಗೂ ಸರಿಯೆನ್ನಿಸಿ ತಲೆಯಾಡಿಸಿದೆ. ತಲೆಯಾಡಿಸಿದವನೇ ಸ್ವಿಚ್ ಹಾಕುವವನು ಎಂಬ ನಿಯಮ ಆಗ ಗೊತ್ತಿರಲಿಲ್ಲ.

ಓಡಿಸುವ ಕೆಲಸ ಮಾಸ್‌ಫೆಟ್ ಎಂಬ ಎರಡು ಎಲೆಕ್ಟ್ರಾನಿಕ್ ಸ್ವಿಚ್ಚುಗಳದು. 230 ವೋಲ್ಟ್ ಎಸಿ ಡಿಸಿಯಾಗುವ ಹೊತ್ತಿಗೆ ಸುಮಾರು 325 ವೋಲ್ಟ್ ಆಗಿ ನಿಂತಿರುತ್ತದೆ. ಒಂದು ಮಾಸ್‌ಫೆಟ್ ಅದನ್ನು ಈ ಕಡೆಯಿಂದ ಬಿಡಬೇಕು, ಇನ್ನೊಂದು ಆ ಕಡೆಯಿಂದ. ಇಬ್ಬರೂ ಒಟ್ಟಿಗೆ ಬಾಗಿಲು ತೆಗೆಯಕೂಡದು.

"ದೀಪಾವಳಿಗೆ ನಾವಿಬ್ಬರೂ ಅಳಿಯಂದಿರು ಬಂದಾಗ ಇಲ್ಲಿ ಒಂದೇ ಬಚ್ಚಲುಮನೆ ಇತ್ತಲ್ಲ, ಜ್ಞಾಪಕ ಇದೆಯಾ?" ಎಂದರು ಷಡ್ಡಕರು. "ನಾನು ಪೂರ್ತಿ ಆಚೆ ಬಂದು, ಒಂದು ಗಳಿಗೆ ಬಿಟ್ಟು ನೀವು ಒಳಗೆ. ಆ ಗಳಿಗೆಗೇ ಡೆಡ್ ಟೈಮ್ ಅನ್ನೋದು. ಇಲ್ಲಿ ಒಂದು ಮೈಕ್ರೋಸೆಕೆಂಡು, ಅಷ್ಟೇ."

"ಅದಿಲ್ಲದೆ ಇಬ್ಬರೂ ಬಾಗಿಲಲ್ಲಿ ಸಿಕ್ಕಿಕೊಂಡರೆ?"

"ಢಂ."

ಆ ಢಂ ಎಷ್ಟು ಸಲ ಆಯಿತೆಂದು ತಿಳಿಯಬೇಕಾದರೆ ಅವರ ಹಾರ್ಲಿಕ್ಸ್ ಬಾಟಲಿ ನೋಡಬೇಕು. ಸತ್ತ ಮಾಸ್‌ಫೆಟ್‌ಗಳೆಲ್ಲ ಅದರಲ್ಲಿವೆ. ಕೆಲವಕ್ಕೆ ಹೊಟ್ಟೆ ಸೀಳಿದೆ, ಕೆಲವು ಹೊರನೋಟಕ್ಕೆ ನಿದ್ದೆ ಹೋದಂತಿವೆ. ಬಾಟಲಿ ಕುತ್ತಿಗೆಯವರೆಗೆ ಬಂದಿದೆ.

ಇನ್ನು ನನ್ನ ಸೇವೆಯ ವಿಷಯ. ಅವರ ಮೇಜಿನ ಮೇಲೆ ಮರದ ಹಲಗೆ, ಅದರ ಮೇಲೊಂದು ಹೋಲ್ಡರ್, ಹೋಲ್ಡರಿನಲ್ಲಿ 100 ವ್ಯಾಟಿನ ಹಳೇ ಕಾಲದ ಬಲ್ಬು. ಹೊಸದಾಗಿ ಕಟ್ಟಿದ ಯಾವ ಪವರ್ ಸಪ್ಲೈಗೂ ಕರೆಂಟು ಈ ಬಲ್ಬಿನ ಮೂಲಕವೇ ಹೋಗಬೇಕು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರ್ ತುಂಬಿತು, ಎಲ್ಲ ಕ್ಷೇಮ ಎಂದರ್ಥ. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್. ಆದರೂ ಬಲ್ಬು ಅಡ್ಡ ನಿಂತದ್ದರಿಂದ ಸಾಮಾನು ಉಳಿಯುತ್ತದೆ. ದೇವರ ಬಲಗಡೆ ಹೂವು ಬೀಳುವುದನ್ನು ಕಾಯುತ್ತಾರಲ್ಲ, ಹಾಗೆ ನಾವಿಬ್ಬರೂ ಆ ಬಲ್ಬನ್ನು ನೋಡುತ್ತೇವೆ. ಅವರು ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು, ಗಾಜು ಇಳಿಸಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾರೆ. ನಾನು ಹವಾಯಿ ಚಪ್ಪಲಿಯಲ್ಲಿ ಸ್ವಿಚ್‌ಬೋರ್ಡಿನ ಪಕ್ಕ. ಹೆಲ್ಮೆಟ್ ಒಂದೇ ಇರುವುದು.

"ಹಾಕಿ."

ಹಾಕುತ್ತೇನೆ.

"ಆಫ್! ಆಫ್! ಆಫ್!"

ಮೂರು ಸಲ ಕೂಗುವಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ ಎಂದು ಎಷ್ಟೋ ಸಲ ಹೇಳಿದ್ದೇನೆ. ಹೆಲ್ಮೆಟ್ಟಿನೊಳಗೆ ಕೇಳಿಸುವುದಿಲ್ಲವಂತೆ.

ಕಳೆದ ವರ್ಷ ಯುಗಾದಿಯ ಹಿಂದಿನ ಭಾನುವಾರ ಬಲ್ಬು ಮಿಂಚಿತು, ಮಂಕಾಯಿತು, ಮಂಕಾಗಿಯೇ ಉಳಿಯಿತು. ಮೀಟರಿನಲ್ಲಿ ಪ್ಲಸ್ 45, ಮೈನಸ್ 45, ತಕ್ಕಡಿ ಹಿಡಿದ ಹಾಗೆ. ಷಡ್ಡಕರು ಹೆಲ್ಮೆಟ್ ತೆಗೆದರು. ಬಲ್ಬು ಬಿಚ್ಚಿ ನೇರ ಕರೆಂಟು ಕೊಟ್ಟೆವು, ನಿಂತಿತು. ಆಂಪ್ಲಿಫೈಯರ್ ಜೋಡಿಸಿದೆವು, ನಿಂತಿತು. ಪಿ. ಕಾಳಿಂಗರಾಯರ ಹಾಡು ಹಾಕಿದರು. ಪಲ್ಲವಿ ಮುಗಿಯಿತು. ಈ ಮನೆಯಲ್ಲಿ ಆ ಹಾಡು ಎಂದೂ ಪಲ್ಲವಿ ದಾಟಿರಲಿಲ್ಲವಾದ್ದರಿಂದ ನನಗೆ ಕಣ್ಣು ತುಂಬಿಬಂತು. ಷಡ್ಡಕರು ದನಿ ಏರಿಸಿದರು. ಚರಣದ ಎರಡನೇ ಸಾಲಿಗೆ ಢಂ ಎಂದಿತು. ಕೆಳಗೆ ಚಟ್ನಿ ರುಬ್ಬುತ್ತಿದ್ದ ಮಿಕ್ಸಿ ನಿಂತು, ಅದರ ಹಿಂದೆಯೇ ನನ್ನ ಹೆಂಡತಿಯ ದನಿ ಶುರುವಾಯಿತು.

ಕಾರಣ ಸಿಗಲು ಹನ್ನೊಂದು ದಿನ ಬೇಕಾಯಿತು. ಟ್ರಾನ್ಸ್‌ಫಾರ್ಮರ್ ಆಚೆ ಬದಿಯಲ್ಲಿ ಅವರು ಹಾಕಿದ್ದು 1ಎನ್5408 ಎಂಬ ಡಯೋಡ್. "ಮನೇಲಿ ಇತ್ತಲ್ಲ ಅಂತ." 50 ಸುತ್ತಿನ ಕರೆಂಟಿಗೆ ಅದು ಪ್ರಾಮಾಣಿಕ ಕೆಲಸಗಾರ. 68,000ಕ್ಕೆ ಪಾಪ, ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಮುಂದಿನ ಸುತ್ತು ಬಂದು ನಿಂತಿರುತ್ತದೆ. ತೆರೆದ ಬಾಗಿಲಲ್ಲಿ ಕರೆಂಟು ವಾಪಸು ನುಗ್ಗುತ್ತದೆ, ಡಯೋಡ್ ಕಾಯುತ್ತದೆ, ಹಾಡು ಜೋರಾದಷ್ಟೂ ಇನ್ನಷ್ಟು ಕಾಯುತ್ತದೆ, ಕೊನೆಗೆ ತಾನು ಸಾಯುವಾಗ ಮಾಸ್‌ಫೆಟ್‌ಗಳನ್ನೂ ಕರೆದುಕೊಂಡು ಹೋಗುತ್ತದೆ. ಎಂಯುಆರ್1560 ಎಂಬ ಚುರುಕಿನ ಡಯೋಡ್ ಹಾಕಿದ ಮೇಲೆ ಆ ಢಂ ನಿಂತಿತು. ಬೇರೆ ಢಂಗಳು ಬಂದವು, ಬಿಡಿ. ಆಸಿಲೋಸ್ಕೋಪಿನ ಅರ್ತ್ ಕ್ಲಿಪ್ಪನ್ನು ಕರೆಂಟಿನ ಬದಿಗೇ ಕಚ್ಚಿಸಿದ ದಿನದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಅತ್ತೆಯವರದು ಬೇರೆ ದೂರು. ಅವರು ಆಕಾಶವಾಣಿ ಬೆಂಗಳೂರು ಕೇಳುವವರು, 612 ಕಿಲೋಹರ್ಟ್ಸ್. ಮಹಡಿಯಲ್ಲಿ ಸಪ್ಲೈ ಚಾಲೂ ಆದೊಡನೆ ರೇಡಿಯೋದಲ್ಲಿ ಕುಕ್ಕರಿನಂತೆ ಸಿಳ್ಳೆ. ಷಡ್ಡಕರು ಕಾಗದ ಪೆನ್ಸಿಲ್ ಹಿಡಿದು ಕೂತರು. 68ನ್ನು 9ರಿಂದ ಗುಣಿಸಿದರೆ 612. ಚೌಕದ ಅಲೆಗೆ ಬೆಸಸಂಖ್ಯೆಯ ಮಕ್ಕಳು ಹುಟ್ಟುತ್ತವೆ: ಮೂರನೆಯದು, ಐದನೆಯದು, ಏಳನೆಯದು. ಒಂಬತ್ತನೆಯದು ಸರಿಯಾಗಿ ಅತ್ತೆಯವರ ವಾರ್ತೆಯ ಮೇಲೆ ಬಂದು ಕೂತಿತ್ತು. ಲೆಕ್ಕ ಹೀಗೆ ತಾಳೆಯಾದದ್ದಕ್ಕೆ ಅವರಿಗಾದ ಸಂತೋಷವನ್ನು ನೋಡಬೇಕಿತ್ತು. ಸಿಳ್ಳೆ ನಿಲ್ಲಿಸಬೇಕೆಂಬುದು ಮರೆತೇಹೋಯಿತು. ಜ್ಞಾಪಿಸಿದಾಗ, ಇಂಥ ಕಿರಿಕಿರಿಗೆ ಅವರ ಪಂಗಡದವರು ಕರೆಯುವ ಹೆಸರಿನಲ್ಲೇ, ಗಂಭೀರವಾಗಿ, "ಇಎಂಐ ಜಾಸ್ತಿ ಆಗಿದೆ, ಇಳಿಸಬೇಕು" ಎಂದರು. ಅತ್ತೆಯವರು ಗಾಬರಿಯಾಗಿ ನನ್ನ ಹೆಂಡತಿಯನ್ನು ಒಳಗೆ ಕರೆದು, "ದೊಡ್ಡಳಿಯಂದಿರು ಎಲ್ಲಿ ಸಾಲ ಮಾಡಿದ್ದಾರೇ?" ಎಂದು ಕೇಳಿದರು. ಆಕ್ಷೇಪಣೆ ಜೋರಾದಾಗ ಷಡ್ಡಕರ ಬಳಿ ಬ್ರಹ್ಮಾಸ್ತ್ರವೊಂದಿದೆ: 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ರೇಡಿಯೋ ಪ್ರಸಾರ ಶುರುಮಾಡಿದ್ದು ಮನೆಯಿಂದಲೇ ಅಲ್ಲವೇ? ಹೌದು. ಆದರೆ ಅವರು ಬೇರೆಯವರಿಗೆ ರೇಡಿಯೋ ಕೇಳಿಸಿದರು.

ಈಗ ಸಪ್ಲೈ ನಡೆಯುತ್ತಿದೆ. ಹಾಡು ಕೊನೆಯವರೆಗೂ ಬರುತ್ತದೆ, ನಾವು ಬಿಟ್ಟರೆ. ಒಂದು ದಿನ ನಾನು ಕಣ್ಣುಮುಚ್ಚಿ ತಲೆದೂಗುತ್ತಿದ್ದಾಗ ಫಕ್ಕನೆ ಹಾಡು ನಿಲ್ಲಿಸಿ, ನನ್ನ ಕಿವಿಯನ್ನು ಸ್ಪೀಕರಿಗೆ ಒತ್ತಿಸಿ ಕೇಳಿದರು: "ಏನಾದ್ರೂ ಕೇಳಿಸ್ತಾ?"

"ಏನೂ ಇಲ್ಲ."

"ಅದೇ ನೋಡಿ!"

ಸಂಗೀತವೇ ಬೇಡದ ಮನುಷ್ಯ ಎಂದು ರೇಗಿತು. ಕೆಳಗಿಳಿಯುವಾಗ ಅವರು ಎಂದೋ ಹೇಳಿದ್ದು ನೆನಪಿಗೆ ಬಂತು. ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ಪೈಸೆ ಹೆಚ್ಚುಕಮ್ಮಿಯಾದರೂ ಎಲ್ಲ ಲೆಡ್ಜರ್ ತೆರೆದು ರಾತ್ರಿ ಹನ್ನೊಂದರವರೆಗೆ ಹುಡುಕುತ್ತಿದ್ದರಂತೆ. ಸಿಕ್ಕಾಗ ಮ್ಯಾನೇಜರೇ ಎದ್ದುಹೋಗಿ ಎಲ್ಲರಿಗೂ ಕಾಫಿ ತರುತ್ತಿದ್ದರಂತೆ. ಆಮೇಲೆ ಯಂತ್ರವೇ ತಾಳೆ ಹಾಕತೊಡಗಿತು, ಐದೂವರೆಗೆಲ್ಲ ಬೀಗ. "ಬೇಗ ಮನೆಗೆ ಬರೋಕೆ ಶುರು ಮಾಡಿದೆ ನೋಡಿ, ಆಮೇಲೆ ಏನು ಮಾಡೋದು ಗೊತ್ತಾಗ್ಲಿಲ್ಲ" ಎಂದಿದ್ದರು.

ಕಳೆದ ತಿಂಗಳು ಮಗಳ ಬಾಣಂತನಕ್ಕೆಂದು ದಂಪತಿ ಅಮೆರಿಕಕ್ಕೆ ಹೋದರು. ಹೊರಡುವ ಮುಂಚೆ ನನ್ನನ್ನು ಮೇಜಿನ ಮುಂದೆ ನಿಲ್ಲಿಸಿ, ದೊಡ್ಡ ಕೆಪಾಸಿಟರ್ ತೋರಿಸಿ, ಪ್ಲಗ್ ತೆಗೆದಿದ್ದರೂ ಅದರಲ್ಲಿ 325 ವೋಲ್ಟ್ ಕಾದು ಕೂತಿರುತ್ತದೆ, ಅಪ್ಪಿತಪ್ಪಿ ಮುಟ್ಟಬೇಡಿ ಎಂದು ಮೂರು ಸಲ ಹೇಳಿದರು. ಹೆಂಡತಿಯ ಸೂಟ್‌ಕೇಸಿನ ತೂಕ ಹೆಚ್ಚಾದದ್ದಕ್ಕೆ ಒಳಗಿದ್ದ ಎರಡು ಹೀಟ್‌ಸಿಂಕ್ ಕಾರಣವೆಂದು ಏರ್‌ಪೋರ್ಟಿನಲ್ಲಿ ತಿಳಿಯಿತು.

ಈಗ ಭಾನುವಾರ ಚಿತ್ರಾನ್ನ ಬಿಸಿಬಿಸಿ ತಿನ್ನುತ್ತೇನೆ. ಮಿಕ್ಸಿ ನಡುವೆ ನಿಲ್ಲುವುದಿಲ್ಲ. ಹೋದ ವಾರ ಅತ್ತೆಯವರು ರೇಡಿಯೋವನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು.

"ಸೆಲ್ ಹೋಗಿದೆಯಾ ನೋಡಿ. ಸಿಳ್ಳೆನೇ ಬರ್ತಿಲ್ಲ."

ಸಂಜೆ ತರಕಾರಿಗೆಂದು ಹೋದವನು ರಸ್ತೆ ಕೊನೆಯ ಹಳೇ ಎಲೆಕ್ಟ್ರಿಕಲ್ ಅಂಗಡಿಗೆ ಹೊಕ್ಕು 100 ವ್ಯಾಟಿನ ಬಲ್ಬು ಕೇಳಿದೆ. ಅಂಗಡಿಯವನು ಎಲ್‌ಇಡಿ ತೆಗೆದಿಟ್ಟ. ಅದಲ್ಲ, ಒಳಗೆ ತಂತಿ ಇರೋದು ಎಂದೆ. ಏಣಿ ಹಾಕಿ ಅಟ್ಟ ಹುಡುಕಿ, ಧೂಳು ಕುಡಿದ ಎರಡು ಡಬ್ಬಿ ಇಳಿಸಿದ. "ಈ ಕಾಲದಲ್ಲಿ ಇದ್ಯಾಕೆ ಸಾರ್? ಬೆಳಕಿಗಿಂತ ಬಿಸಿನೇ ಜಾಸ್ತಿ."

"ಬೆಳಕಿಗಲ್ಲ" ಎಂದೆ. "ಎರಡೂ ಕೊಡಿ."