ಬಡಪಾಯಿ ಟೆಕ್ಸ್ಟ್ ಫೈಲು

ನಮ್ಮ ಫೋನುಗಳಿಗೆ ಬಡವರನ್ನು ಕಂಡರೆ ಆಗುವುದಿಲ್ಲ. ಸಿನಿಮಾ ಕಳಿಸಿ, ತಕ್ಷಣ ಓಡಿಸುತ್ತವೆ. ಮದುವೆ ಮನೆಯ ಫೋಟೋಗಳನ್ನು ರಾಶಿ ಹಾಕಿ, ಮುಖ ನೋಡಿಯೇ ಯಾರು ಯಾರೆಂದು ವಿಂಗಡಿಸಿಕೊಡುತ್ತವೆ. ಅದೇ ನಾಲ್ಕು ಸಾಲು ಬರೆದ ಒಂದು ಡಾಟ್ ಟಿಎಕ್ಸ್‌ಟಿ ಫೈಲು ಕಳಿಸಿದಿರೋ, ‘ಇದನ್ನು ತೆರೆಯಲು ಯಾವ ಆ್ಯಪೂ ಇಲ್ಲ’ ಎಂದು ಎಷ್ಟೋ ಫೋನುಗಳು ಕೈ ಎತ್ತಿಬಿಡುತ್ತವೆ. ಅಷ್ಟೊಂದು ದುಡ್ಡು ಸುರಿದು ತಂದ ಯಂತ್ರಕ್ಕೆ ಓದು ಬರಹ ಬರುವುದಿಲ್ಲವೆಂದರೆ, ಅದನ್ನು ಸ್ಮಾರ್ಟ್ ಎಂದು ಕರೆದ ಪುಣ್ಯಾತ್ಮರು ಯಾರು?

ನನಗಂತೂ ಈ ಬಡಪಾಯಿ ಫೈಲಿನ ಮೇಲೆ ಪ್ರೀತಿ. ಅದಕ್ಕೆ ಬಣ್ಣ ಬೇಡ, ದಪ್ಪಕ್ಷರ ಬೇಡ, ಅಂಚು ಬೇಡ. ಜಾಗವೂ ಅಷ್ಟೇ. ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಮೇಲೆ ‘ಶುಭೋದಯ’ ಎಂದು ಬರೆದ ಒಂದು ಫೋಟೋ ಬರುತ್ತದಲ್ಲ, ಅದು ಮೂರು ಎಂಬಿ ಇದ್ದರೆ, ಅಷ್ಟೇ ಜಾಗದಲ್ಲಿ ಸುಮಾರು ಹತ್ತು ಲಕ್ಷ ಕನ್ನಡ ಅಕ್ಷರಸಂಕೇತ ಹಿಡಿಸುತ್ತದೆ. ಎಂದರೆ ಒಂದು ದಪ್ಪನೆಯ ಕಾದಂಬರಿ. ನಮ್ಮ ಬೀದಿಯ ವಾಟ್ಸ್ಯಾಪ್ ಗುಂಪಿನಲ್ಲಿ ದಿನಾ ಹತ್ತಾರು ಕಾದಂಬರಿಗಳ ಜಾಗವನ್ನು ಗುಲಾಬಿಗಳೇ ತಿಂದು ಹಾಕುತ್ತಿವೆ.

ಈ ಲೆಕ್ಕ, ಯೂನಿಕೋಡಿನ ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯದು. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಕಂಪ್ಯೂಟರ್ ತಜ್ಞ ಕೆನ್ ಥಾಂಪ್ಸನ್, ಸಹೋದ್ಯೋಗಿ ರಾಬ್ ಪೈಕ್ ಎದುರಿಗೆ ಕೂತಿರುವಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಇದನ್ನು ಗೀಚಿದರಂತೆ. ಅದೇ ನಮ್ಮ ಕಡೆಯ ಹೋಟೆಲಾಗಿದ್ದರೆ ಬಾಳೆಲೆಯ ಮೇಲೆ ಗೀಚಬೇಕಿತ್ತು, ಕೈ ತೊಳೆದು ಬರುವಷ್ಟರಲ್ಲಿ ಟೇಬಲ್ ಒರೆಸುವ ಹುಡುಗ ಎತ್ತಿಕೊಂಡು ಹೋಗಿರುತ್ತಿದ್ದ. ಈ ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು. ‘ಸ್ತ್ರೀ’ ಎಂದು ಬರೆದು ನೋಡಿ. ಕಣ್ಣಿಗೆ ಒಂದೇ ಅಕ್ಷರ. ಫೈಲಿನೊಳಗೆ ಮಾತ್ರ ಸ, ಒತ್ತಕ್ಷರ ಮಾಡುವ ವಿರಾಮ, ತ, ಮತ್ತೆ ವಿರಾಮ, ರ, ಕೊನೆಗೆ ದೀರ್ಘದ ಗುಡಿಸು ಎಂದು ಆರು ಸಂಕೇತ, ಹದಿನೆಂಟು ಬೈಟು. ಅಳಿಸಲು ಹೊರಟರೆ ಬಹಳಷ್ಟು ಆ್ಯಪುಗಳಲ್ಲಿ ಆಕೆ ಒಂದೇ ಏಟಿಗೆ ಜಾಗ ಬಿಟ್ಟು ಹೋಗುವುದಿಲ್ಲ. ಗುಡಿಸು, ಒತ್ತು ಎಂದು ಕಂತಿನ ಮೇಲೆ ಹೊರಡುತ್ತಾಳೆ. ಆ್ಯಪ್ ಬರೆದವರು ಅವಸರದವರಾಗಿದ್ದು, ಫೈಲನ್ನು ತುಂಡು ತುಂಡಾಗಿ ಓದುವಾಗ ಈ ಮೂರು ಬೈಟುಗಳ ನಡುವೆ ಕತ್ತರಿ ಹಾಕಿದರಂತೂ ಅಕ್ಷರ ಇದ್ದ ಜಾಗದಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ.

ಇಷ್ಟಾದರೂ ಇದು ಯೂನಿಕೋಡಿನ ಸುಖದ ಕಥೆ. ಅದಕ್ಕೂ ಹಿಂದಿನ ಕಷ್ಟ ತಿಳಿಯಬೇಕಾದರೆ ನಮ್ಮ ಚಿಕ್ಕಪ್ಪನವರನ್ನು ಕೇಳಬೇಕು. ಅವರು ರಿಟೈರಾದ ಮೇಷ್ಟ್ರು. ನಮ್ಮ ವಂಶದ ಚರಿತ್ರೆಯನ್ನೆಲ್ಲ ಹಳೆಯ ಕಂಪ್ಯೂಟರಿನಲ್ಲಿ ನುಡಿ ಫಾಂಟಿನಲ್ಲಿ ಟೈಪಿಸಿ ಇಟ್ಟಿದ್ದರು. ಮೊನ್ನೆ ಅದನ್ನು ಟೆಕ್ಸ್ಟ್ ಫೈಲು ಮಾಡಿ ನನ್ನ ಫೋನಿಗೆ ಕಳಿಸಿ, ಕಳಿಸಿದ ಬೆನ್ನಿಗೇ ಫೋನು ಮಾಡಿದರು.

“ಓದಿದ್ಯೇನೋ?”

“ತೆಗೆದೆ ಚಿಕ್ಕಪ್ಪ. ಬರೀ ಪೌಂಡಿನ ಲೆಕ್ಕ ಬರೆದ ಹಾಗಿದೆಯಲ್ಲ?”

“ಪೌಂಡೂ ಇಲ್ಲ, ಶಿಲ್ಲಿಂಗೂ ಇಲ್ಲ ಕಣೋ. ನಿಮ್ಮ ಮುತ್ತಜ್ಜನ ಹತ್ತಿರ ಇದ್ದದ್ದು ಒಂದು ಎಮ್ಮೆ. ಸರಿಯಾಗಿ ನೋಡು.”

ಸರಿಯಾಗಿಯೇ ನೋಡಿದೆ. ‘ಕನ್ನಡ’ ಎಂದಿರಬೇಕಾದ ಕಡೆ ಮೊದಲು ಇಂಗ್ಲಿಷಿನ ಪಿ, ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಆಮೇಲೆ ಪೌಂಡಿನ ಗುರುತು, ಮತ್ತೆ ಅದೇ ಎ, ನಡುವೆ ಜರ್ಮನ್ ಭಾಷೆಯ ಒಂದು ಅಕ್ಷರ, ಕೊನೆಗೆ ಕ್ಯೂ, ಅದರ ಪಕ್ಕ ಪುನಃ ಎ. ಹಳೆಯ ಫಾಂಟುಗಳ ಕೆಲಸವೇ ಹಾಗೆ. ಫೈಲಿನೊಳಗೆ ಉಳಿಯುತ್ತಿದ್ದದ್ದು ಲ್ಯಾಟಿನ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟು. ಫೋನಿನಲ್ಲಿ ಆ ಫಾಂಟು ಇಲ್ಲ, ಟೆಕ್ಸ್ಟ್ ಫೈಲಿಗೋ ಫಾಂಟಿನ ಹೆಸರು ನೆನಪಿಟ್ಟುಕೊಳ್ಳುವ ಅಭ್ಯಾಸವಿಲ್ಲ. ಹೀಗಾಗಿ ನಮ್ಮ ಮುತ್ತಜ್ಜ ಎಮ್ಮೆಯ ಸಮೇತ ವಿಲಾಯಿತಿಗೆ ಹೋಗಿಬಿಟ್ಟಿದ್ದರು.

ಓದುವ ಕಥೆ ಹೀಗಾದರೆ, ಬರೆದಿಡುವ ಕಥೆ ಇನ್ನೊಂದು. ಕಂಪ್ಯೂಟರಿನಲ್ಲಿ ಫೈಲು ಎಲ್ಲಿದೆ ಎಂದು ಕೇಳಿದರೆ ಬೆರಳಿಟ್ಟು ತೋರಿಸಬಹುದು. ಫೋನಿನಲ್ಲಿ ಆ ಪ್ರಶ್ನೆ ಕೇಳುವುದೇ ಅಧಿಕಪ್ರಸಂಗ. ಐಫೋನಿನವರಿಗೆ ‘ಫೈಲ್ಸ್’ ಎಂಬ ಆ್ಯಪ್ ಸಿಕ್ಕಿದ್ದೇ 2017ರಲ್ಲಿ. ಆ್ಯಂಡ್ರಾಯ್ಡ್ ಹಳೆಯ ವಠಾರದ ಹಾಗಿತ್ತು. ಅನುಮತಿ ಎಂಬ ಒಂದು ಮಾತು ಹೇಳಿಬಿಟ್ಟರೆ ಯಾರು ಬೇಕಾದರೂ ಯಾರ ಅಡುಗೆಮನೆಗಾದರೂ ನುಗ್ಗಿ ಸಕ್ಕರೆ ಡಬ್ಬಿ ಮುಚ್ಚಳ ತೆಗೆಯಬಹುದಿತ್ತು. 2019ರ ಆ್ಯಂಡ್ರಾಯ್ಡ್ 10ರಲ್ಲಿ ಯಜಮಾನರು ಹೊಸ ಕಾನೂನು ತಂದರು, ಮರುವರ್ಷದ 11ರಲ್ಲಿ ಬಿಗಿ ಮಾಡಿದರು. ಈಗ ಪ್ರತಿ ಆ್ಯಪಿಗೂ ಅದರದೇ ಕೋಣೆ, ಅದರದೇ ಬೀಗ. ಹೊರಗಿನ ಫೈಲು ಮುಟ್ಟಬೇಕಾದರೆ ಸಾಮಾನ್ಯವಾಗಿ ನಮ್ಮನ್ನು ಕರೆದು, ‘ಯಾವುದು, ಆರಿಸಿಕೊಡಿ’ ಎಂದು ಕೇಳಬೇಕು. ಕಳ್ಳ ಆ್ಯಪುಗಳ ಕಾಟಕ್ಕೆ ಇದು ಒಳ್ಳೆಯ ಮದ್ದು, ಸಂಶಯವಿಲ್ಲ. ಒಂದೇ ತೊಂದರೆ, ಬಾಡಿಗೆದಾರ ಖಾಲಿ ಮಾಡಿದ ದಿನ ಅವನ ಕೋಣೆಯ ಸಾಮಾನನ್ನೂ ಗುಡಿಸಿ ಹಾಕುತ್ತಾರೆ.

ನಮ್ಮ ಅತ್ತಿಗೆಗೆ ಆದದ್ದು ಅದೇ. ಸಾರಿನ ಪುಡಿಯ ಅಳತೆ, ಹಪ್ಪಳದ ಹದ, ಚೀಟಿಯ ಲೆಕ್ಕ ಎಲ್ಲವನ್ನೂ ಅವರು ಒಂದು ಟಿಪ್ಪಣಿ ಆ್ಯಪಿನಲ್ಲಿ ಬರೆದಿದ್ದರು. ‘ಸೇವ್’ ಒತ್ತಿದರೆ ‘ಆಯಿತು’ ಎನ್ನುತ್ತಿತ್ತು. ಎಲ್ಲಿ ಆಯಿತು ಎಂದು ಹೇಳುತ್ತಿರಲಿಲ್ಲ. ಮಗರಾಯ ಗೇಮಿಗೆ ಜಾಗ ಸಾಲದೆಂದು ಆ ಆ್ಯಪನ್ನು ಕಿತ್ತುಹಾಕಿದ. ಅದರ ಕೋಣೆಯೊಳಗಿದ್ದ ಸಾರಿನ ಪುಡಿಯೂ ಹೋಯಿತು. ಆ ವಾರವಿಡೀ ಅವನಿಗೆ ಎರಡು ಹೊತ್ತೂ ಉಪ್ಪಿಟ್ಟು.

ಫೋನಿನಲ್ಲಿ ಬರೆದದ್ದನ್ನು ಹೊರಗೆ ಕಳಿಸಿದರೂ ಗ್ರಹಚಾರ ಬಿಡುವುದಿಲ್ಲ. ಸಾಲು ಮುಗಿಯಿತು ಎನ್ನಲು ವಿಂಡೋಸ್‌ಗೆ ಎರಡು ಗುರುತು ಬೇಕು, ಟೈಪ್‌ರೈಟರಿನಂತೆ ಒಮ್ಮೆ ಸಾಲಿನ ಆರಂಭಕ್ಕೆ ಮರಳಿಸು, ಒಮ್ಮೆ ಕೆಳಗೆ ಸರಿಸು ಎಂದು. ಆ್ಯಂಡ್ರಾಯ್ಡ್‌ಗೆ ಒಂದೇ ಸಾಕು. 2018ರವರೆಗೂ ನೋಟ್‌ಪ್ಯಾಡಿಗೆ ಈ ಒಂಟಿ ಗುರುತು ಅರ್ಥವಾಗುತ್ತಿರಲಿಲ್ಲ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಪೋಣಿಸುತ್ತಿತ್ತು. ಕವಿಮಿತ್ರರೊಬ್ಬರು ಫೋನಿನಲ್ಲಿ ಬರೆದ ಹನಿಗವನಗಳು ಹೀಗೆ ಒಂದು ಪತ್ರಿಕೆಯ ಹಳೆಯ ಕಂಪ್ಯೂಟರಿನಲ್ಲಿ ಉದ್ದನೆಯ ಗದ್ಯವಾಗಿ ತೆರೆದುಕೊಂಡವು. ಪತ್ರಿಕೆಯವರು ಲೇಖನವೆಂದೇ ಅಚ್ಚು ಹಾಕಿದರು. ಓದುಗರಿಂದ ಒಂದೇ ಒಂದು ದೂರು ಬರಲಿಲ್ಲ. ಕವಿಗಳು ಮಾತ್ರ ಇನ್ನೂ ನೊಂದುಕೊಂಡಿದ್ದಾರೆ.

ಆದ್ದರಿಂದ ಓದುಗ ಮಹಾಶಯರೇ, ಫೋನಿನಲ್ಲಿ ಬರೆಯಿರಿ, ಯೂನಿಕೋಡಿನಲ್ಲೇ ಬರೆಯಿರಿ. ಬರೆದದ್ದನ್ನು ಆ್ಯಪಿನ ಕೋಣೆಯಲ್ಲಿ ಕೊಳೆಯಲು ಬಿಡದೆ ಡಾಕ್ಯುಮೆಂಟ್ಸ್ ಫೋಲ್ಡರಿಗೆ ತಂದು, ನಿಮ್ಮ ಇಮೇಲಿಗೂ ಒಂದು ಪ್ರತಿ ಕಳಿಸಿಕೊಳ್ಳಿ. ಮನೆಯ ಹಿರಿಯರು ಹಳೆಯ ಫಾಂಟಿನಲ್ಲಿ ಬರೆದಿಟ್ಟ ಫೈಲುಗಳಿದ್ದರೆ ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ಆ ಕೆಲಸವನ್ನು ಹಿರಿಯರು ಎದುರಿಗಿರುವಾಗಲೇ ಮಾಡಿ ಮುಗಿಸಿ. ಬದಲಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿದ್ದರೆ ಸರಿಯಾದದ್ದು ಯಾವುದೆಂದು ಹೇಳಬಲ್ಲವರು ಅವರೊಬ್ಬರೇ.