ಬೆಕ್ಕಿನ ಗಾತ್ರದ ಆನೆ

ಹಳೇ ಸಾಮಾನು ಕಂಡರೆ ಅಭಿಪ್ರಾಯ ಕೊಡದೆ ಸುಮ್ಮನಿರುವುದು ನನ್ನ ಜಾಯಮಾನಕ್ಕೆ ಒಗ್ಗದು. ಮಾವನ ಮನೆಯ ಅಟ್ಟ ಗುಡಿಸುವಾಗ ಗೇಣುದ್ದದ ಕಬ್ಬಿಣದ ಕಡ್ಡಿಯೊಂದು ಸಿಕ್ಕಿತು. ಒಂದು ತುದಿ ದಬ್ಬಣದಂತೆ ಚೂಪು, ಇನ್ನೊಂದು ತುದಿ ಚಪ್ಪಟೆ ಚಾಕು.

"ಅಂಕುಶ! ನಿಮ್ಮ ಹಿರಿಯರು ಆನೆ ಸಾಕಿದ್ದರು" ಎಂದು ಘೋಷಿಸಿದೆ.

ಅತ್ತೆ ಕಡ್ಡಿಯನ್ನು ನೋಡಿದರು, ನನ್ನನ್ನು ನೋಡಿದರು. "ಆನೆ ನಮ್ಮ ಬೆಕ್ಕಿನಷ್ಟಿತ್ತೇನೋ ಅಳಿಯಂದ್ರೇ."

ನಾನು ಸೋಲೊಪ್ಪುವ ಪೈಕಿಯಲ್ಲ. ಹಾಗಾದರೆ ನಾಟಿ ವೈದ್ಯರು ಕುರು ಕುಯ್ಯುತ್ತಿದ್ದ ಸಲಾಕೆಯೇ ಸರಿ ಎಂದೆ. ಅಷ್ಟರಲ್ಲಾಗಲೇ ಅದರಲ್ಲಿ ಮಾವಿನಹಣ್ಣು ಹೆಚ್ಚಿ ತಿಂದಿದ್ದ ಭಾವಮೈದುನ ಬಾವಿಕಟ್ಟೆಗೆ ಓಡಿದ.

ಗಲಾಟೆ ಕೇಳಿ ಬಂದ ಪಕ್ಕದ ಮನೆಯ ಜೋಯಿಸರು ಒಂದೇ ನೋಟಕ್ಕೆ ಹೇಳಿದರು: "ಇದು ಕಂಟ. ಓಲೆಗರಿ ಮೇಲೆ ಬರೆಯೋದು. ಚಾಕು ಗರಿಯ ಅಂಚು ಸವರಲಿಕ್ಕೆ."

ಬರೆದು ತೋರಿಸದೆ ನನ್ನ ಮಾನ ಉಳಿಯುವಂತಿರಲಿಲ್ಲ. ಹಿತ್ತಲಿನ ತೆಂಗಿನಗರಿ ತಂದು ಗೀಚಿದೆ. ಉದ್ದಕ್ಕೆ ಸೀಳಿತು. ಬೇಕಾದ್ದು ತಾಳೆಗರಿಯಂತೆ, ಅದೂ ಬೇಯಿಸಿ, ಒಣಗಿಸಿ, ಉಜ್ಜಿ ನಯ ಮಾಡಿದ್ದು. ಜೋಯಿಸರು ಅಂಥದ್ದೊಂದು ಖಾಲಿ ಗರಿ ತಂದುಕೊಟ್ಟು, ಕಂಟವನ್ನು ಎಡಗೈ ಹೆಬ್ಬೆರಳಿಗೆ ಒರಗಿಸಿಕೊಂಡು ಗರಿಯನ್ನೇ ಸರಿಸಬೇಕೆಂದರು. ಸರಿಸಿದೆ, ಕೊರೆದೆ. ಒಂದಕ್ಷರವೂ ಕಾಣಲಿಲ್ಲ.

"ಇದರಲ್ಲಿ ಶಾಯಿ ಮುಗಿದಿದೆ" ಎಂದೆ.

ಜೋಯಿಸರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಆಮೇಲೆ ವಿವರಿಸಿದರು: ಎಣ್ಣೆಯಲ್ಲಿ ಕಲಸಿದ ದೀಪದ ಮಸಿ ಬಳಿದು ಬಟ್ಟೆಯಲ್ಲಿ ಒರೆಸಿದರೆ, ಗೀರಿನೊಳಗೆ ಮಸಿ ಉಳಿದು ಅಕ್ಷರ ಏಳುತ್ತದೆ. ಬಟ್ಟೆ ಎಂದು ನನ್ನ ಕೈಗೆ ಸಿಕ್ಕಿದ್ದು ಮಾವನವರ ರೇಷ್ಮೆ ಶಲ್ಯ. ಅಕ್ಷರ ಎದ್ದಿತು. ಮಾವನವರೂ ಎದ್ದರು.

ಅವರು ಬೈಯುತ್ತಿರುವಾಗ ಮಾತು ಮರೆಸಲು ನನ್ನ ಪಾಂಡಿತ್ಯ ಬಿಚ್ಚಿದೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ಕೌಟಿಲ್ಯನ ಅರ್ಥಶಾಸ್ತ್ರವೂ ಓಲೆಗರಿಯದ್ದೇ, 1909ರಲ್ಲಿ ಅಚ್ಚಾಯಿತು ಎಂದೆ. "ಅವರು ಯಾರ ಶಲ್ಯದಲ್ಲೂ ಮಸಿ ಒರೆಸಲಿಲ್ಲ" ಎಂದರು ಮಾವ.

ನಿಮ್ಮ ಅಟ್ಟದಲ್ಲೂ ಇಂಥ ಕಡ್ಡಿ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಆಸುಪಾಸಿನಲ್ಲಿ ಓಲೆಕಟ್ಟು ಇರಬಹುದು, ಹುಡುಕಿ. ಸಿಕ್ಕರೆ ಬಲ್ಲವರಿಗೆ ತೋರಿಸಿ. ಅಳಿಯನಿಗೆ ತೋರಿಸಬೇಡಿ.